10.5 ವೋಲ್ಟ್‌ನಿಂದ ಲೆಕ್ಕ ಶುರು: ಮನೆ ಯುಪಿಎಸ್‌ನ ಇನ್ವರ್ಟರ್ ಕಟ್ಟುವ ಬಗೆ

ಮನೆ ಯುಪಿಎಸ್ ಬಿಚ್ಚಿ ನೋಡಿದವರಿಗೆ ಗೊತ್ತು, ಒಳಗೆ ಜಾಸ್ತಿ ಏನೂ ಇರುವುದಿಲ್ಲ. ಎತ್ತಿದರೆ ಸೊಂಟ ಹಿಡಿಯುವಂಥ ಒಂದು ಟ್ರಾನ್ಸ್‌ಫಾರ್ಮರ್, ಹೀಟ್ ಸಿಂಕ್ ಮೇಲೆ ಸಾಲಾಗಿ ಕೂತ ಮಾಸ್‌ಫೆಟ್‌ಗಳು (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು), ಒಂದು ಕಂಟ್ರೋಲ್ ಬೋರ್ಡ್, ಒಂದೆರಡು ರಿಲೇ. ಇಷ್ಟೇನಾ ಅನ್ನಿಸುತ್ತದೆ. ನಾವೇ ಕಟ್ಟೋಕೆ ಕೂತಾಗ ಮಾತ್ರ ಮೊದಲ ವಾರದಲ್ಲೇ ಒಂದು ಡಜನ್ ಮಾಸ್‌ಫೆಟ್ ಹೊಗೆಯಾಗುತ್ತವೆ. ನನಗೂ ಆಗಿದೆ.

12 ವೋಲ್ಟ್ ಅಂದರೆ ಶಾಕ್ ಹೊಡೆಯದ ಸಾಧು ವೋಲ್ಟೇಜ್ ಅಂತ ಹಗುರವಾಗಿ ತೆಗೆದುಕೊಳ್ಳುತ್ತೇವೆ. ಎಡವಟ್ಟಾಗುವುದು ಅಲ್ಲೇ. 230 ವೋಲ್ಟ್ ಕಡೆ ಬರೀ 2 ಆಂಪ್ಸ್ ಹರಿಯುವ ಹೊತ್ತಿಗೆ ಬ್ಯಾಟರಿ ಕಡೆ ತುದಿ 100 ಆಂಪ್ಸ್ ದಾಟಿರುತ್ತದೆ. ಅಲ್ಲಿ ಒಂದೊಂದು ಮಿಲಿಓಮ್‌ಗೂ ಲೆಕ್ಕ ಕೊಡಬೇಕು.

ಈ ಲೇಖನದಲ್ಲಿ, ಬ್ಯಾಟರಿಯ ಡಿಸಿಯನ್ನು 230 ವೋಲ್ಟ್ ಎಸಿ ಮಾಡುವ 500 ವ್ಯಾಟ್‌ನ ಸೈನ್ ವೇವ್ ಇನ್ವರ್ಟರ್ ಒಂದನ್ನು ಲೆಕ್ಕ ಹಾಕಿ ಕಟ್ಟೋಣ. 12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಲೆಡ್ ಆಸಿಡ್ ಬ್ಯಾಟರಿ, ಎಚ್ ಬ್ರಿಡ್ಜ್ (ಎರಡು ಕಾಲು, ಒಂದೊಂದರಲ್ಲಿ ಮೇಲೊಂದು ಕೆಳಗೊಂದು ಸ್ವಿಚ್), ಕಬ್ಬಿಣದ ಕೋರ್ ಇರುವ 50 ಹರ್ಟ್ಜ್ ಟ್ರಾನ್ಸ್‌ಫಾರ್ಮರ್. ಫೆರೈಟ್ ಕೋರ್ ಹಾಕಿ ಹಗುರವಾಗಿ ಮಾಡುವ ದಾರಿಯೂ ಇದೆ. ಮೊದಲ ಸಲಕ್ಕೆ ಅದು ಬೇಡ. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಭಾರ ನಿಜ, ಆದರೆ ಸಣ್ಣಪುಟ್ಟ ತಪ್ಪು ಮಾಡಿದರೆ ಸಹಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಇದರ ಔಟ್‌ಪುಟ್ 230 ವೋಲ್ಟ್, ಜೀವ ತೆಗೆಯುವಂಥದ್ದು. ಮೇನ್ಸ್ ವೈರಿಂಗ್ ಮುಟ್ಟಿ ಅಭ್ಯಾಸ ಇಲ್ಲದವರು ಒಬ್ಬರೇ ಕೈ ಹಾಕಬೇಡಿ. ಬ್ಯಾಟರಿ ಹತ್ತಿರ ಕೆಲಸ ಮಾಡುವಾಗ ಉಂಗುರ, ವಾಚು ತೆಗೆದಿಡಿ. ಸ್ಪ್ಯಾನರ್ ಒಮ್ಮೆ ಎರಡು ಟರ್ಮಿನಲ್‌ಗೂ ತಾಗಿದರೆ ಅದು ಅಲ್ಲೇ ಬೆಸೆದುಕೊಳ್ಳುತ್ತದೆ.

1. ಲೋಡ್ ಪಟ್ಟಿ

ಮೂರು ಹಳೇ ಫ್ಯಾನು, ತಲಾ 75 ವ್ಯಾಟ್: 225. ನಾಲ್ಕು ಎಲ್‌ಇಡಿ ಟ್ಯೂಬು, ತಲಾ 20: 80. ಟಿವಿ 80, ರೂಟರ್ 10. ಒಟ್ಟು 395 ವ್ಯಾಟ್. ಕಾಲು ಭಾಗ ಜಾಸ್ತಿ ಇಟ್ಟುಕೊಂಡರೆ ಸುಮಾರು 500. ಫ್ರಿಜ್ ಸೇರಿಸುವ ಆಸೆ ಬೇಡ. ಕಂಪ್ರೆಸರ್ ಶುರುವಾಗುವಾಗ ಮಾಮೂಲಿಗಿಂತ ಐದಾರು ಪಟ್ಟು ಆಂಪ್ಸ್ ಎಳೆಯುತ್ತದೆ.

2. ಬ್ಯಾಟರಿ ಕಡೆಯ ಆಂಪ್ಸ್

ಇಲ್ಲಿ ಸಾಮಾನ್ಯವಾಗಿ ಮಾಡುವ ತಪ್ಪು, 500ನ್ನು 12ರಿಂದ ಭಾಗಿಸಿ 42 ಆಂಪ್ಸ್ ಅನ್ನುವುದು. ಬ್ಯಾಟರಿ 12 ವೋಲ್ಟ್‌ನಲ್ಲಿ ನಿಲ್ಲುವುದಿಲ್ಲ, ಅಲ್ವಾ? ಖಾಲಿಯಾಗುತ್ತಾ 10.5ಕ್ಕೆ ಇಳಿಯುತ್ತದೆ. ಸೆಲ್‌ಗೆ 1.75ರಂತೆ ಆರು ಸೆಲ್, ನಾವು ಕಟ್ ಮಾಡುವುದೂ ಅಲ್ಲೇ. ವೋಲ್ಟೇಜ್ ಇಳಿದರೂ ಫ್ಯಾನಿಗೆ ಕೊಡಬೇಕಾದ ವ್ಯಾಟ್ ಇಳಿಯುವುದಿಲ್ಲ. ಹಾಗಾಗಿ ಬ್ಯಾಟರಿ ಸುಸ್ತಾದಾಗಲೇ ಆಂಪ್ಸ್ ಅತಿ ಜಾಸ್ತಿ. ಎಲ್ಲ ಲೆಕ್ಕವೂ ಈ ಕೊನೆಯ 10.5 ವೋಲ್ಟ್‌ನಿಂದ ಶುರುವಾಗಬೇಕು.

ದಕ್ಷತೆ ಶೇ. 85 ಅಂತ ಇಟ್ಟುಕೊಳ್ಳಿ. ಅದು ಹೇಗೆ ಬಂತು ಅಂತ ಆಮೇಲೆ ಗೊತ್ತಾಗುತ್ತದೆ. 500 ಭಾಗಿಸು 0.85, ಮತ್ತೆ ಭಾಗಿಸು 10.5. ಬರುವುದು 56 ಆಂಪ್ಸ್. ಅದೂ ಸರಾಸರಿ. ಸಿಂಗಲ್ ಫೇಸ್ ಇನ್ವರ್ಟರ್ ಬ್ಯಾಟರಿಯಿಂದ ಒಂದೇ ಸಮನೆ ಎಳೆಯುವುದಿಲ್ಲ. ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು, ಸರಾಸರಿಯ ಎರಡು ಪಟ್ಟಿಗೆ ಏರುತ್ತದೆ. ಅಂದರೆ ತುದಿ 112 ಆಂಪ್ಸ್. ತಂತಿ ಬಿಸಿಯಾಗುವ ಲೆಕ್ಕಕ್ಕೆ ಬೇಕಾದ ಆರ್‌ಎಂಎಸ್, ಸರಾಸರಿಯ 1.22 ಪಟ್ಟು: 69 ಆಂಪ್ಸ್.

ಇದಕ್ಕೆ 25 ಚದರ ಮಿಮೀ ತಾಮ್ರದ ಕೇಬಲ್ ಹಾಕಿ. ಹೋಗಿ ಬರುವ ದಾರಿ ಸೇರಿ 3 ಮೀಟರ್ ಮೀರದಿರಲಿ. ಆಗ ರೆಸಿಸ್ಟೆನ್ಸ್ ಸುಮಾರು 2.2 ಮಿಲಿಓಮ್. ಇಷ್ಟು ಚಿಕ್ಕದರಲ್ಲೂ 10 ವ್ಯಾಟ್ ಸುಮ್ನೆ ಶಾಖವಾಗಿ ಹೋಗುತ್ತದೆ. ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ 80 ಆಂಪ್ಸ್ ಫ್ಯೂಸ್ ಇರಲಿ. ಯುಪಿಎಸ್ ಡಬ್ಬದೊಳಗೆ ಫ್ಯೂಸ್ ಹಾಕಿದರೆ ಮಧ್ಯದ ಕೇಬಲ್‌ಗೆ ಕಾವಲೇ ಇಲ್ಲದಂತಾಗುತ್ತದೆ.

3. ಟ್ರಾನ್ಸ್‌ಫಾರ್ಮರ್

ಎಚ್ ಬ್ರಿಡ್ಜ್ ಪ್ರೈಮರಿಗೆ (ಬ್ಯಾಟರಿ ಕಡೆಯ ವೈಂಡಿಂಗ್; 230 ವೋಲ್ಟ್ ಕಡೆಯದು ಸೆಕೆಂಡರಿ) ಕೊಡಬಲ್ಲ ಗರಿಷ್ಠ ತುದಿ, ಬ್ಯಾಟರಿ ವೋಲ್ಟೇಜ್‌ನಷ್ಟೇ. ಮತ್ತೆ 10.5ರಿಂದಲೇ ಶುರು ಮಾಡಿ. ಕೇಬಲ್ ಮತ್ತು ಮಾಸ್‌ಫೆಟ್‌ನಲ್ಲಿ ಸುಮಾರು 0.7 ಹೋದರೆ 9.8. ಪಿಡಬ್ಲ್ಯುಎಂಗೆ (ಸ್ವಿಚ್ ಆನ್ ಇರುವ ಹೊತ್ತನ್ನು ಹಿಗ್ಗಿಸಿ ಕುಗ್ಗಿಸಿ ಸೈನ್ ಅಲೆ ಮಾಡುವ ಬಗೆ) ಸ್ವಲ್ಪ ಉಸಿರಾಡಲು ಜಾಗ ಬೇಕು, 0.95ರಿಂದ ಗುಣಿಸಿ: 9.3. ಆರ್‌ಎಂಎಸ್‌ಗೆ 1.414ರಿಂದ ಭಾಗಿಸಿ: ಸುಮಾರು 6.5 ವೋಲ್ಟ್. 12 ವೋಲ್ಟ್ ಬ್ಯಾಟರಿಗೆ 6.5 ವೋಲ್ಟ್ ಪ್ರೈಮರಿ ಅಂದರೆ ವೈಂಡಿಂಗ್ ಅಂಗಡಿಯವರು ಒಮ್ಮೆ ಮುಖ ನೋಡುತ್ತಾರೆ. 12-0-12 ಟ್ರಾನ್ಸ್‌ಫಾರ್ಮರ್ ಕೊಡಲಾ ಅಂತ ಕೇಳುತ್ತಾರೆ. ಅದು ಸ್ಕ್ವೇರ್ ವೇವ್ ಕಾಲದ್ದು. ಬೇಡ ಅನ್ನಿ.

ಕೋರ್ ಅಳತೆಗೆ ಹಳೇ ಕೈಲೆಕ್ಕ ಒಂದಿದೆ. ವಿಎಯ (ವೋಲ್ಟ್ ಗುಣಿಸು ಆಂಪ್ಸ್) ವರ್ಗಮೂಲವನ್ನು 1.15ರಿಂದ ಗುಣಿಸಿದರೆ ಕೋರ್‌ನ ನಡುಗಾಲಿನ ಅಡ್ಡ ಅಳತೆ ಚದರ ಸೆಂಮೀನಲ್ಲಿ ಬರುತ್ತದೆ. 600 ವಿಎ ಹಿಡಿದರೆ 28 ಚದರ ಸೆಂಮೀ. ಸ್ಟ್ಯಾಂಪಿಂಗ್ (ಕೋರ್‌ನ ತೆಳು ತಗಡು) ನಡುವಿನ ಸಂದು ಕಳೆದರೆ 26.6.

ಒಂದು ಸುತ್ತಿಗೆ ಎಷ್ಟು ವೋಲ್ಟ್? 4.44 ಗುಣಿಸು 50 ಹರ್ಟ್ಜ್, ಗುಣಿಸು 1.2 ಟೆಸ್ಲಾ (ಕೋರ್‌ನೊಳಗಿನ ಕಾಂತಕ್ಷೇತ್ರದ ಬಲ), ಗುಣಿಸು 0.00266 ಚದರ ಮೀಟರ್. 0.71 ವೋಲ್ಟ್. ಪ್ರೈಮರಿಗೆ 6.5 ಬೇಕು, ಅಂದರೆ 9.2 ಸುತ್ತು. ಕಾಲು ಸುತ್ತು ಸುತ್ತೋಕಾಗಲ್ಲ, 9 ಇಟ್ಟುಕೊಳ್ಳಿ. ಆಗ ಸುತ್ತಿಗೆ 0.72 ವೋಲ್ಟ್ ಆಗುತ್ತದೆ. ಸೆಕೆಂಡರಿಯಲ್ಲಿ ಪೂರ್ತಿ ಲೋಡ್‌ಗೆ 230 ಬರಬೇಕಾದರೆ ಖಾಲಿ ಇದ್ದಾಗ ಸುಮಾರು 242 ಇರಬೇಕು. ಅದಕ್ಕೆ 335 ಸುತ್ತು.

1.5 ಟೆಸ್ಲಾ ಹಿಡಿದರೆ ಸುತ್ತು ಕಡಿಮೆ, ತಾಮ್ರ ಉಳಿಯುತ್ತದೆ ಅಂತ ಯಾರಾದರೂ ಹೇಳಬಹುದು. ಒಪ್ಪಬೇಡಿ. ಬ್ರಿಡ್ಜ್‌ನ ಎರಡು ಅರ್ಧಗಳು ಕೂದಲೆಳೆಯಷ್ಟು ಏರುಪೇರಾದರೂ ಪ್ರೈಮರಿಯಲ್ಲಿ ಡಿಸಿ ಸೇರಿಕೊಳ್ಳುತ್ತದೆ. ಕೋರ್ ಒಂದು ಕಡೆಗೆ ವಾಲಿ ಸ್ಯಾಚುರೇಟ್ ಆಗುತ್ತದೆ (ಇನ್ನು ಹೆಚ್ಚು ಕಾಂತತ್ವ ಹಿಡಿಯದಂತಾಗುತ್ತದೆ), ಗುಂಯ್ ಅಂತ ಕೂಗುತ್ತದೆ, ಆಂಪ್ಸ್ ಹಾರುತ್ತದೆ. ಆ ಅಂತರ ಇರಲಿ.

ಸೆಕೆಂಡರಿಯಲ್ಲಿ ಹರಿಯುವುದು 2.2 ಆಂಪ್ಸ್, 19 ಗೇಜ್ ತಾಮ್ರದ ತಂತಿ ಸಾಕು. ಪ್ರೈಮರಿಯಲ್ಲಿ ಅದರ 37 ಪಟ್ಟು, 81 ಆಂಪ್ಸ್. 30 ಚದರ ಮಿಮೀ ಬೇಕು. ಅಷ್ಟು ದಪ್ಪ ತಂತಿ ಬಾಬಿನ್‌ಗೆ ಬಗ್ಗಲ್ಲ. 10 ಮಿಮೀ ಅಗಲ, 3 ಮಿಮೀ ದಪ್ಪ ಬರುವ ಹಾಗೆ ತೆಳು ತಾಮ್ರದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಸುತ್ತಿಸಿ. ಬೆಂಗಳೂರಿನವರಾದರೆ ಪೀಣ್ಯದ ಕಡೆ ಇಂಥದ್ದನ್ನು ಸುತ್ತಿಕೊಡುವವರು ಸಿಗುತ್ತಾರೆ. ತಾಮ್ರವೇ ಬೇಕು ಅಂತ ಬರೆದುಕೊಡಿ. ಅಲ್ಯುಮಿನಿಯಂ ಸುತ್ತಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಟ್ರಾನ್ಸ್‌ಫಾರ್ಮರ್ ಬಂದ ದಿನವೇ ಒಂದು ಪರೀಕ್ಷೆ ಮಾಡಿ. ಪ್ರೈಮರಿಯ ಎರಡು ತುದಿ ಗಟ್ಟಿಯಾಗಿ ಶಾರ್ಟ್ ಮಾಡಿ. ಸೆಕೆಂಡರಿಗೆ ಡಿಮ್ಮರ್‌ಸ್ಟ್ಯಾಟ್‌ನಿಂದ (ಎಸಿ ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಸೊನ್ನೆಯಿಂದ ಮೆಲ್ಲಗೆ ಏರಿಸುತ್ತಾ 2.2 ಆಂಪ್ಸ್ ಬರುವಲ್ಲಿ ನಿಲ್ಲಿಸಿ. ನನ್ನದರಲ್ಲಿ 15 ವೋಲ್ಟ್‌ಗೆ ಬಂತು. ಅಂದರೆ ಇಂಪೀಡೆನ್ಸ್ 6.8 ಓಮ್. ಅದರಲ್ಲಿ ತಾಮ್ರದ ಪಾಲು 4.3 ಓಮ್ ಇತ್ತು. ವರ್ಗ ಮಾಡಿ ಕಳೆದು ಮೂಲ ತೆಗೆದರೆ 5.3 ಓಮ್, ಅದನ್ನು 314ರಿಂದ (2 ಪೈ ಗುಣಿಸು 50) ಭಾಗಿಸಿದರೆ ಲೀಕೇಜ್ ಇಂಡಕ್ಟೆನ್ಸ್ (ಒಂದು ವೈಂಡಿಂಗ್‌ನಿಂದ ಇನ್ನೊಂದಕ್ಕೆ ತಲುಪದೆ ಸೋರುವ ಕಾಂತಕ್ಷೇತ್ರದ್ದು) ಸುಮಾರು 17 ಮಿಲಿಹೆನ್ರಿ. ಈ ಸಂಖ್ಯೆ ಚೀಟಿಯಲ್ಲಿ ಬರೆದಿಡಿ, ಫಿಲ್ಟರ್‌ಗೆ ಬೇಕಾಗುತ್ತದೆ.

4. ಮಾಸ್‌ಫೆಟ್ ಎಷ್ಟು?

ಐಆರ್‌ಎಫ್ 3205 ಎಲ್ಲ ಕಡೆ ಸಿಗುತ್ತದೆ. 55 ವೋಲ್ಟ್, ಆನ್ ಇದ್ದಾಗ 8 ಮಿಲಿಓಮ್. ಡೇಟಾಶೀಟ್ ಮೊದಲ ಪುಟದಲ್ಲಿ 110 ಆಂಪ್ಸ್ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಪ್ಯಾಕೇಜ್ ತಡೆಯುವುದು 75 ಅಂತ ಇರುತ್ತದೆ. ಅದೂ ಸಿಂಕ್ ತಣ್ಣಗಿದ್ದರೆ. ಈ ಎರಡೂ ಸಂಖ್ಯೆ ಮರೆತುಬಿಡಿ. ನಾವು ನೋಡಬೇಕಾದ್ದು ಶಾಖ.

ಯಾವ ಹೊತ್ತಿನಲ್ಲೂ ದಾರಿಯಲ್ಲಿ ಎರಡು ಸ್ವಿಚ್ ಇರುತ್ತವೆ, ಮೇಲಿನದೊಂದು, ಎದುರು ಕಾಲಿನ ಕೆಳಗಿನದೊಂದು. ಒಂದೊಂದು ಜಾಗಕ್ಕೆ ನಾಲ್ಕು ಮಾಸ್‌ಫೆಟ್ ಪ್ಯಾರಲಲ್ ಹಾಕಿದರೆ 2 ಮಿಲಿಓಮ್. ಬಿಸಿಯಾದಾಗ ಅದು ಸುಮಾರು 3.3ಕ್ಕೆ ಏರುತ್ತದೆ. ಎರಡು ಸೇರಿ 6.6. 81 ಆಂಪ್ಸ್‌ನ ವರ್ಗದಿಂದ ಗುಣಿಸಿದರೆ 43 ವ್ಯಾಟ್. ಎರಡೆರಡೇ ಹಾಕಿದ್ದರೆ 86 ವ್ಯಾಟ್ ಆಗುತ್ತಿತ್ತು. ಆದ್ದರಿಂದ ನಾಲ್ಕು ಜಾಗಕ್ಕೆ ನಾಲ್ಕರಂತೆ ಹದಿನಾರು. ದುಂದು ಅನ್ನಿಸಿದರೂ ಇರಲಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮನೆಯೊಳಗೇ 40 ಡಿಗ್ರಿ ಇರುವಾಗ ಕರೆಂಟ್ ಹೋದರೆ ಅವೇ ನಮ್ಮನ್ನು ಕಾಯುವುದು.

ಈಗ ಆ ಶೇ. 85ರ ಲೆಕ್ಕ. ಮಾಸ್‌ಫೆಟ್‌ನಲ್ಲಿ ಸ್ವಿಚಿಂಗ್ ನಷ್ಟವೂ ಸೇರಿ 48, ಟ್ರಾನ್ಸ್‌ಫಾರ್ಮರ್‌ನಲ್ಲಿ 35, ಕೇಬಲ್‌ನಲ್ಲಿ 10. ಒಟ್ಟು 93 ವ್ಯಾಟ್ ಸೋರಿಕೆ. 500 ಹೊರಗೆ, 593 ಒಳಗೆ. ಭಾಗಿಸಿದರೆ ಶೇ. 84, ನಾವು ಹಿಡಿದ 85ರ ಹತ್ತಿರವೇ.

ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ಆನ್‌ಲೈನ್ ಇರಲಿ, ನಕಲಿ ಮಾಸ್‌ಫೆಟ್ ಸಿಗುವ ಸಾಧ್ಯತೆ ಇದ್ದೇ ಇದೆ. ಮೇಲೆ ಅಚ್ಚು ಹಾಕಿದ ಅಕ್ಷರ ಅಸಲಿಗಿಂತ ಚೆನ್ನಾಗಿರುತ್ತದೆ. ನಾನು ಒಂದೊಂದನ್ನೂ ಹೀಗೆ ನೋಡುತ್ತೇನೆ: ಆನ್ ಮಾಡುವ ಪಿನ್ ಆದ ಗೇಟ್‌ಗೆ 10 ವೋಲ್ಟ್ ಕೊಟ್ಟು, ಉಳಿದೆರಡು ಪಿನ್‌ಗಳಲ್ಲಿ ಡ್ರೇನ್‌ನಿಂದ ಸೋರ್ಸ್‌ಗೆ 10 ಆಂಪ್ಸ್ ಹರಿಸಿ, ಮೀಟರ್ ಮುಳ್ಳನ್ನು ಕಾಲಿನ ಬುಡಕ್ಕೇ ಒತ್ತಿ ಅಳೆಯುವುದು. ತಣ್ಣಗಿದ್ದಾಗ 80 ಮಿಲಿವೋಲ್ಟ್ ಒಳಗೆ ಬರಬೇಕು. 150 ತೋರಿಸಿದರೆ ಅದು ಒಳಗೆ ಬೇರೇನೋ.

ಕೂರಿಸುವಾಗ ಇನ್ನೊಂದು ವಿಷಯ. ಮಾಸ್‌ಫೆಟ್ ಬೆನ್ನಿನ ಲೋಹವೇ ಡ್ರೇನ್. ಮೇಲಿನ ಎಂಟರ ಡ್ರೇನ್ ಬ್ಯಾಟರಿ ಪ್ಲಸ್‌ಗೇ ಹೋಗುವುದರಿಂದ ಅವೆಲ್ಲ ಒಂದೇ ಸಿಂಕ್ ಮೇಲೆ ಕೂರಬಹುದು. ಕೆಳಗಿನವಕ್ಕೆ ಎರಡು ಬೇರೆ ಸಿಂಕ್. ಮೂರು ಸಿಂಕ್ ಒಂದಕ್ಕೊಂದು, ಡಬ್ಬಕ್ಕೆ ತಾಗದಂತೆ ಇಟ್ಟರೆ ಮೈಕಾ ಹಾಳೆಯ ಗೊಡವೆಯೇ ಇಲ್ಲ.

5. ಗೇಟ್ ಡ್ರೈವ್: ನನ್ನನ್ನು ಸತಾಯಿಸಿದ ಜಾಗ

ಸೈನ್ ಪಿಡಬ್ಲ್ಯುಎಂಗೆ ಸ್ವಂತ ಕೋಡ್ ಬರೆಯಬಹುದು. ಸುಲಭ ದಾರಿ ಬೇಕಿದ್ದರೆ ಇಜಿ 8010 ಚಿಪ್ ಇರುವ ಇಜಿಎಸ್ 002 ಬೋರ್ಡ್ ಇದೆ. ಅದರಲ್ಲೇ ಗೇಟ್‌ಗಳನ್ನು ಆನ್ ಆಫ್ ಮಾಡುವ ಐಆರ್ 2110 ಡ್ರೈವರ್‌ಗಳೂ ಕೂತಿರುತ್ತವೆ. ಬ್ರಿಡ್ಜ್‌ನ ಒಂದು ಕಾಲು 23.4 ಕಿಲೋಹರ್ಟ್ಜ್‌ನಲ್ಲಿ ಓಡುತ್ತದೆ, ಇನ್ನೊಂದು ಬರೀ 50 ಹರ್ಟ್ಜ್‌ನಲ್ಲಿ. ಡೆಡ್ ಟೈಮ್‌ಗೆ (ಒಂದೇ ಕಾಲಿನ ಎರಡೂ ಸ್ವಿಚ್ ಆಫ್ ಇರುವ ಅಂತರ) 300 ನ್ಯಾನೋಸೆಕೆಂಡ್‌ನಿಂದ 1.5 ಮೈಕ್ರೋಸೆಕೆಂಡ್‌ವರೆಗೆ ನಾಲ್ಕು ಆಯ್ಕೆ ಇದೆ. ನಾಲ್ಕು ಮಾಸ್‌ಫೆಟ್ ಪ್ಯಾರಲಲ್ ಇರುವಾಗ 1 ಮೈಕ್ರೋಸೆಕೆಂಡ್ ಇಡಿ. ಪ್ರತಿ ಗೇಟ್‌ಗೂ ಅದರದ್ದೇ 10 ರಿಂದ 22 ಓಮ್ ರೆಸಿಸ್ಟರ್ ಇರಲಿ. ನಾಲ್ಕಕ್ಕೂ ಸೇರಿ ಒಂದೇ ಹಾಕಿದರೆ ಗೇಟ್‌ಗಳು ತಮ್ಮತಮ್ಮಲ್ಲೇ ಆಸಿಲೇಟ್ ಆಗುತ್ತವೆ.

ನನ್ನ ಮೊದಲ ಬೋರ್ಡ್ ಟೇಬಲ್ ಮೇಲೆ ಚೆನ್ನಾಗೇ ಓಡಿತು. ಆಸಿಲೋಸ್ಕೋಪ್‌ನಲ್ಲಿ ನೋಡಿದರೆ ಒಂದು ಬದಿಯ ಅರ್ಧ ಅಲೆಯ ಬಾಲ ಕತ್ತರಿಸಿದ ಹಾಗಿತ್ತು. ಬ್ಯಾಟರಿ 12 ವೋಲ್ಟ್ ಇದ್ದಾಗ 8 ಮಿಲಿಸೆಕೆಂಡ್‌ಗೆ ತುಂಡು. 11ಕ್ಕೆ ಇಳಿದಾಗ 6 ಮಿಲಿಸೆಕೆಂಡ್ ಕೂಡ ದಾಟುತ್ತಿರಲಿಲ್ಲ. ಕೋಡ್, ಸೈನ್ ಸಂಖ್ಯೆಗಳ ಟೇಬಲ್, ಟ್ರಾನ್ಸ್‌ಫಾರ್ಮರ್ ಎಲ್ಲದರ ಮೇಲೂ ಅನುಮಾನ ಪಟ್ಟು ಎರಡು ದಿನ ಕಳೆದೆ.

ತಪ್ಪು ಇದ್ದದ್ದು ಮಾಮೂಲಿ 10 ಕಿಲೋಓಮ್ ರೆಸಿಸ್ಟರ್‌ನಲ್ಲಿ. ಗೇಟ್ ತೇಲಬಾರದು ಅಂತ ಪ್ರತಿಯೊಂದಕ್ಕೂ ಗೇಟ್‌ನಿಂದ ಸೋರ್ಸ್‌ಗೆ ಒಂದು ಹಾಕಿದ್ದೆ. ನಾಲ್ಕು ಸೇರಿ 2.5 ಕಿಲೋಓಮ್. ಮೇಲಿನ ಮಾಸ್‌ಫೆಟ್‌ಗೆ ಬಲ ಕೊಡುವುದು ಬೂಟ್‌ಸ್ಟ್ರಾಪ್ ಕೆಪಾಸಿಟರ್, ನಾನು ಹಾಕಿದ್ದು 10 ಮೈಕ್ರೋಫ್ಯಾರಡ್. 50 ಹರ್ಟ್ಜ್ ಕಾಲಿನಲ್ಲಿ ಅದು ಪೂರ್ತಿ 10 ಮಿಲಿಸೆಕೆಂಡ್ ಮರುಚಾರ್ಜ್ ಇಲ್ಲದೆ ಗೇಟ್ ಹಿಡಿದಿರಬೇಕು. ಆ ರೆಸಿಸ್ಟರ್‌ಗಳೇ ಅದನ್ನು ಕುಡಿದು ಖಾಲಿ ಮಾಡುತ್ತಿದ್ದವು. 8.2 ವೋಲ್ಟ್ ಆಸುಪಾಸಿಗೆ ಇಳಿದ ಕೂಡಲೇ ಐಆರ್ 2110 ಸಾಕಪ್ಪಾ ಅಂತ ಗೇಟ್ ಬಿಟ್ಟುಬಿಡುತ್ತಿತ್ತು. ವೇಗವಾಗಿ ಓಡುವ ಕಾಲಿನಲ್ಲಿ ಈ ತೊಂದರೆ ಕಾಣುವುದೇ ಇಲ್ಲ, ಅಲ್ಲಿ ಕ್ಷಣಕ್ಷಣಕ್ಕೂ ಮತ್ತೆ ತುಂಬುತ್ತಿರುತ್ತದೆ.

10 ಕಿಲೋಓಮ್ ತೆಗೆದು 47 ಹಾಕಿದೆ. ಕೆಪಾಸಿಟರ್ 47 ಮೈಕ್ರೋಫ್ಯಾರಡ್ ಮಾಡಿದೆ. ಡ್ರೈವರ್‌ಗೆ ಬ್ಯಾಟರಿಯಿಂದ ನೇರ ಕೊಡುವುದು ಬಿಟ್ಟು, ಸಣ್ಣ ಬೂಸ್ಟ್ ಕನ್ವರ್ಟರ್ ಇಟ್ಟು 15 ವೋಲ್ಟ್ ಕೊಟ್ಟೆ. ಅಲೆ ದುಂಡಗಾಯಿತು. 10.5 ವೋಲ್ಟ್ ಇದ್ದಾಗಲೂ ಗೇಟ್‌ಗೆ ಪೂರ್ತಿ ಬಲ ಸಿಗಬೇಕು ಅನ್ನುವುದನ್ನು ಮರೆತದ್ದಕ್ಕೆ ಎರಡು ದಿನದ ದಂಡ.

6. ಫಿಲ್ಟರ್ ಮತ್ತು ಫೀಡ್‌ಬ್ಯಾಕ್

ಟ್ರಾನ್ಸ್‌ಫಾರ್ಮರ್‌ನ ಲೀಕೇಜ್ ಇಂಡಕ್ಟೆನ್ಸೇ ಇಲ್ಲಿ ಚೋಕ್, ಅಂದರೆ ಪಿಡಬ್ಲ್ಯುಎಂನ ಏರಿಳಿತ ತಡೆಯುವ ಸುರುಳಿ. ಸೆಕೆಂಡರಿ ಮೇಲೆ ಸೀಲಿಂಗ್ ಫ್ಯಾನಿಗೆ ಹಾಕುವ 2.5 ಮೈಕ್ರೋಫ್ಯಾರಡ್, 440 ವೋಲ್ಟ್ ಕೆಪಾಸಿಟರ್ ಒಂದನ್ನು ಹಾಕಿ. 17 ಮಿಲಿಹೆನ್ರಿ ಜೊತೆ ಅದು 770 ಹರ್ಟ್ಜ್‌ನಲ್ಲಿ ಕೂರುತ್ತದೆ. 50ರಿಂದ ಸಾಕಷ್ಟು ಮೇಲೆ, 23.4 ಕಿಲೋಹರ್ಟ್ಜ್‌ನಿಂದ ಸಾಕಷ್ಟು ಕೆಳಗೆ. ಇನ್ನೂ ನುಣುಪಾಗಲಿ ಅಂತ ದೊಡ್ಡದು ಹಾಕಿದರೆ, ಲೋಡ್ ಇಲ್ಲದಿದ್ದರೂ ಅದು ಆಂಪ್ಸ್ ಎಳೆಯುತ್ತಾ ಕೂರುತ್ತದೆ. ಟೊರಾಯ್ಡ್ (ಬಳೆಯಾಕಾರದ ಕೋರ್) ಟ್ರಾನ್ಸ್‌ಫಾರ್ಮರ್ ತಂದವರಿಗೆ ಮಾತ್ರ ಈ ಅನುಕೂಲ ಇಲ್ಲ. ಅದರಲ್ಲಿ ಲೀಕೇಜ್ ತೀರಾ ಕಡಿಮೆ, ಪ್ರೈಮರಿಯಲ್ಲಿ ಬೇರೆ ಚೋಕ್ ಬೇಕೇ ಬೇಕು.

ಬ್ಯಾಟರಿ ಕಡೆ ಬ್ರಿಡ್ಜ್‌ಗೆ ಅಂಟಿಕೊಂಡಂತೆ 4700 ಮೈಕ್ರೋಫ್ಯಾರಡ್, 25 ವೋಲ್ಟ್‌ನ ನಾಲ್ಕು ಲೋ ಇಎಸ್‌ಆರ್ (ಒಳಗಿನ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್ ಇರಲಿ. ಎರಡು ಇಂಚು ದೂರ ಇಟ್ಟರೂ ಮಾಸ್‌ಫೆಟ್ ಮೇಲೆ ವೋಲ್ಟೇಜ್ ಮುಳ್ಳುಗಳು ಏಳುತ್ತವೆ.

ಔಟ್‌ಪುಟ್ ವೋಲ್ಟೇಜ್ ಅಳೆಯಲು ಒಂದು ಪುಟ್ಟ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಿ. ಕಂಟ್ರೋಲ್ ಬೋರ್ಡ್‌ಗೆ 230 ನೇರ ತಾಗದು. ಆ ಫೀಡ್‌ಬ್ಯಾಕ್ ತಂತಿಯನ್ನು ಕನೆಕ್ಟರ್ ನಂಬಿ ಬಿಡಬೇಡಿ, ಬೆಸುಗೆ ಹಾಕಿ. ಅದು ಕಳಚಿದರೆ ಏನಾಗುತ್ತದೆ ಲೆಕ್ಕ ಹಾಕಿ ನೋಡಿ. ನಾವು 10.5ಕ್ಕೆ ಅಂತ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗೆ ತುಂಬಿದ ಬ್ಯಾಟರಿಯ 12.7 ಪೂರ್ತಿ ನುಗ್ಗಿದರೆ ಔಟ್‌ಪುಟ್ 330 ವೋಲ್ಟ್ ದಾಟುತ್ತದೆ. ಟಿವಿಯ ಕಥೆ ಮುಗಿದಂತೆ. 260 ದಾಟಿದರೆ ತಾನಾಗಿ ನಿಲ್ಲುವ ಪ್ರತ್ಯೇಕ ಕಾವಲು ಇರಲಿ.

7. ಚಾರ್ಜರ್, ರಿಲೇ, ಕಾವಲು

ಮಾರುಕಟ್ಟೆಯ ಯುಪಿಎಸ್‌ಗಳಲ್ಲಿ ಇದೇ ಬ್ರಿಡ್ಜ್ ಹಿಂದುಮುಂದಾಗಿ ಕೆಲಸ ಮಾಡಿ ಚಾರ್ಜರ್ ಆಗುತ್ತದೆ. ಮೇನ್ಸ್ ಬಂದಾಗ ಪ್ರೈಮರಿಯಲ್ಲಿ ಸಿಗುವುದು ಸುಮಾರು 6.2 ವೋಲ್ಟ್, ತುದಿ 8.7. ಬ್ಯಾಟರಿಗಿಂತ ಕಡಿಮೆ. ಕೆಳಗಿನ ಮಾಸ್‌ಫೆಟ್‌ಗಳನ್ನು ಕ್ಷಣಕಾಲ ಆನ್ ಮಾಡಿ ಲೀಕೇಜ್ ಇಂಡಕ್ಟೆನ್ಸ್‌ನಲ್ಲಿ ಶಕ್ತಿ ತುಂಬಿಸಿ, ಆಫ್ ಮಾಡಿದಾಗ ಅದು ಮೇಲಿನ ಡಯೋಡ್‌ಗಳ ಮೂಲಕ ಬ್ಯಾಟರಿಗೆ ಚಿಮ್ಮುತ್ತದೆ. ಜಾಣ ಉಪಾಯ. ಆದರೆ ಇಜಿ 8010ಕ್ಕೆ ಇದು ಬರಲ್ಲ, ಸ್ವಂತ ಕೋಡ್ ಬೇಕು. ಮೊದಲ ಸಲಕ್ಕೆ ಬೇರೆ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಚಾರ್ಜರ್ ಇಡಿ: 15 ಆಂಪ್ಸ್, 14.4 ವೋಲ್ಟ್‌ವರೆಗೆ ತುಂಬಿಸಿ, ಆಮೇಲೆ 13.7ರಲ್ಲಿ ಹಿಡಿಯುವಂಥದ್ದು.

ಚೇಂಜ್‌ಓವರ್ ರಿಲೇ ಒಂದು ಕಡೆ ಬಿಟ್ಟ ಮೇಲೇ ಇನ್ನೊಂದು ಕಡೆ ಹಿಡಿಯಬೇಕು. ನಮ್ಮ ಇನ್ವರ್ಟರ್‌ನ 230 ವೋಲ್ಟ್ ಯಾವ ಕಾರಣಕ್ಕೂ ಮೇನ್ಸ್ ಲೈನಿಗೆ ಹಿಂದಕ್ಕೆ ಹೋಗಬಾರದು. ಕಂಬದ ಮೇಲೆ ಲೈನ್‌ಮನ್ ಇರುತ್ತಾರೆ. ಕರೆಂಟ್ ಹೋದದ್ದನ್ನು 5 ಮಿಲಿಸೆಕೆಂಡ್‌ನಲ್ಲಿ ಕಂಡುಹಿಡಿದು, ರಿಲೇ 10ರಲ್ಲಿ ಬದಲಾದರೆ ಕಂಪ್ಯೂಟರ್ ಕೂಡ ಆಫ್ ಆಗದು. ಅದರ ಎಸ್‌ಎಂಪಿಎಸ್ ಪೂರ್ತಿ ಲೋಡ್‌ನಲ್ಲಿ 16 ಮಿಲಿಸೆಕೆಂಡ್‌ನಷ್ಟು ತಡೆದುಕೊಳ್ಳುತ್ತದೆ. ಕರೆಂಟ್ ವಾಪಸ್ ಬಂದಾಗ ಮಾತ್ರ ಆತುರ ಬೇಡ, 10 ಸೆಕೆಂಡ್ ಕಾದು ಬದಲಾಯಿಸಿ. ನಮ್ಮಲ್ಲಿ ಬಂದ ಕರೆಂಟು ಎರಡು ಸಲ ಕಣ್ಣು ಮಿಟುಕಿಸಿ ನಿಲ್ಲುವುದು ಗೊತ್ತಲ್ಲ.

ಶಾರ್ಟ್ ಸರ್ಕ್ಯೂಟ್ ಕಾವಲನ್ನು ಸಾಫ್ಟ್‌ವೇರ್‌ಗೆ ಒಪ್ಪಿಸಬೇಡಿ. ಬ್ಯಾಟರಿ ಮೈನಸ್‌ನಲ್ಲಿ ಅರ್ಧ ಮಿಲಿಓಮ್ ಶಂಟ್ (ಆಂಪ್ಸ್ ಅಳೆಯುವ ರೆಸಿಸ್ಟರ್), ಒಂದು ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಚಿಪ್), 175 ಆಂಪ್ಸ್ ದಾಟಿದ ಕ್ಷಣ ಡ್ರೈವರ್‌ನ ಎಸ್‌ಡಿ (ಶಟ್‌ಡೌನ್) ಪಿನ್ ಎಳೆಯುವ ಹಾಗೆ.

8. ಮೊದಲ ಸಲ ಆನ್ ಮಾಡುವಾಗ

ಬ್ಯಾಟರಿ ದೂರ ಇರಲಿ. ಬ್ರಿಡ್ಜ್‌ಗೆ ಏನೂ ಕೊಡದೆ ಬರೀ ಡ್ರೈವರ್‌ಗೆ ಸಪ್ಲೈ ಕೊಟ್ಟು, ಕೆಳಗಿನ ಗೇಟ್‌ಗಳನ್ನು ಸ್ಕೋಪ್‌ನಲ್ಲಿ ನೋಡಿ. ಮೇಲಿನವು ಬ್ರಿಡ್ಜ್‌ಗೆ ಸಪ್ಲೈ ಕೊಟ್ಟ ಮೇಲೇ ಸರಿಯಾಗಿ ಕಾಣುವುದು. ಆಮೇಲೆ 2 ಆಂಪ್ಸ್‌ಗೆ ಮಿತಿ ಹಾಕಿದ ಬೆಂಚ್ ಸಪ್ಲೈನಿಂದ 12 ವೋಲ್ಟ್ ಕೊಡಿ. ಲೋಡ್ ಇಲ್ಲದೆ 1ರಿಂದ 1.5 ಆಂಪ್ಸ್ ಎಳೆದರೆ ಸರಿ. ಬೆಂಚ್ ಸಪ್ಲೈ ಇಲ್ಲವೇ? ಬ್ಯಾಟರಿ ಜೊತೆ ಸೀರಿಯಲ್ ಆಗಿ 55 ವ್ಯಾಟ್‌ನ ಕಾರ್ ಹೆಡ್‌ಲೈಟ್ ಬಲ್ಬ್ ಹಾಕಿ. ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ, ಮಾಸ್‌ಫೆಟ್ ಉಳಿಯಿತು.

ಇದೆಲ್ಲ ದಾಟಿದ ಮೇಲೆ ಫ್ಯೂಸ್ ಸಮೇತ ಬ್ಯಾಟರಿಗೆ ಬನ್ನಿ. ಹಳೇ 60, 100 ವ್ಯಾಟ್ ಬಲ್ಬ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ 500ಕ್ಕೆ ಹೋಗಿ. ಪ್ರತಿ ಮೆಟ್ಟಿಲಲ್ಲಿ ಹತ್ತು ನಿಮಿಷ ನಿಂತು ಸಿಂಕ್‌ನ ಬಿಸಿ ನೋಡಿ. 80 ಡಿಗ್ರಿ ದಾಟಬಾರದು. ಫ್ಯಾನ್ ಲೋಡ್ ಆಮೇಲೆ, ಟಿವಿ ಎಲ್ಲಕ್ಕಿಂತ ಕೊನೆಗೆ. 250 ವ್ಯಾಟ್ ಲೋಡ್‌ಗೆ ಹೊಸ ಬ್ಯಾಟರಿ ಸುಮಾರು 4 ಗಂಟೆ ಬರಬೇಕು. ಕಾಗದದ ಲೆಕ್ಕದಲ್ಲಿ 6 ಬರುತ್ತದೆ. ಆದರೆ 150 ಎಎಚ್ ಅನ್ನುವುದು 20 ಗಂಟೆ ಮೆಲ್ಲಗೆ ಎಳೆದಾಗಿನ ಮಾತು.

500 ವ್ಯಾಟ್ ಓಡುತ್ತಿರುವಾಗಲೇ ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ಪ್ರತಿ ಜೋಡಣೆಯ ಎರಡೂ ಬದಿ ಮುಟ್ಟಿಸಿ: ಬ್ಯಾಟರಿ ಕಂಬದಿಂದ ಲಗ್, ಲಗ್‌ನಿಂದ ಕೇಬಲ್, ಫ್ಯೂಸ್‌ನ ಎರಡು ಬೋಲ್ಟ್, ಪ್ರೈಮರಿ ಪಟ್ಟಿ ಬೋರ್ಡ್‌ಗೆ ಸೇರುವ ಜಾಗ. ಬ್ಯಾಟರಿ ಕಡೆಯ ಜೋಡಣೆಗಳಿಗೆ ಡಿಸಿ ರೇಂಜ್, ಪ್ರೈಮರಿ ಕಡೆಗೆ ಎಸಿ. ಯಾವುದೇ ಜೋಡಣೆ 20 ಮಿಲಿವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ, ಆಫ್ ಮಾಡಿ, ಬಿಚ್ಚಿ, ಉಜ್ಜಿ, ಮತ್ತೆ ಕ್ರಿಂಪ್ ಮಾಡಿ. ತಿಂಗಳ ನಂತರ ಇದೇ ಸುತ್ತು ಇನ್ನೊಮ್ಮೆ ಹಾಕಿ. ಬಿಸಿಯಾಗಿ ತಣ್ಣಗಾಗುತ್ತಾ ಬೋಲ್ಟ್‌ಗಳು ಅರ್ಧ ಸುತ್ತಾದರೂ ಸಡಿಲವಾಗಿರುತ್ತವೆ.